ಸಾಲಿನಲ್ಲಿಟ್ಟ ಕೊಡ

ಕೊಡ ಸಾಲಿನಲ್ಲೇ ಇದೆಯೋ, ಯಾರಾದರೂ ಪಕ್ಕಕ್ಕೆ ಸರಿಸಿ ತಮ್ಮದನ್ನು ನುಗ್ಗಿಸಿದರೋ ಎಂಬ ಯೋಚನೆ ಕ್ರೋಂಪೇಟೆ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗಲೂ ಪೂರ್ಣಿಮಾಳನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಆರಕ್ಕೆ ಬೀದಿಯ ಕೊನೆಯ ಟ್ಯಾಂಕಿನ ಹತ್ತಿರ ಇಟ್ಟು ಬಂದಿದ್ದಳು. ನೀಲಿ ಪ್ಲಾಸ್ಟಿಕ್ ಕೊಡ, ಕಂಠದಲ್ಲಿ ಸಣ್ಣ ಬಿರುಕು. ಮುಂದೆ ಯಾರದೋ ಕೆಂಪು ಕೊಡ, ಹಿಂದೆ ಕೊಡದ ಬದಲಿಗೆ ಯಾರೋ ಇಟ್ಟುಹೋದ ಅರ್ಧ ಇಟ್ಟಿಗೆ. ಹೋದ ಮಳೆಗಾಲ ಕೈಕೊಟ್ಟ ಮೇಲೆ ಇಡೀ ಮದ್ರಾಸು ಹೀಗೆ ಕೊಡಗಳನ್ನು ಬೀದಿಗೆ ಇಳಿಸಿತ್ತು. ಊರಿನ ಹೆಸರು ಚೆನ್ನೈ ಎಂದು ಬದಲಾಗಿ ಏಳು ವರ್ಷವಾಗಿದ್ದರೂ ಮನಸ್ಸಿನಲ್ಲಿ ಅವಳಿಗೆ ಅದು ಮದ್ರಾಸೇ. ಕೆಳಮನೆಯ ಅಂಬುಜಮ್ಮ, "ನೀವು ನೆಮ್ಮದಿಯಾ ಹೋಗ್ಬಿಟ್ಟು ಬನ್ನಿ ರೀ, ಲಾರಿ ಬಂದ್ರೆ ನಿಮ್ದೂ ನಾನೇ ತಳ್ಕೊಂಡು ಹೋಗ್ತೀನಿ" ಎಂದಿದ್ದರು. ಅಜ್ಜನ ಕಾಲದಲ್ಲಿ ಮೈಸೂರು ಬಿಟ್ಟು ಬಂದವರು, ಅರ್ಧ ಕನ್ನಡ ಅರ್ಧ ತಮಿಳು, ಮನಸ್ಸು ಮಾತ್ರ ಪೂರ್ತಿ ಒಳ್ಳೆಯದು. ಆದರೆ ಹನ್ನೊಂದಕ್ಕೆ ಅವರ ಸೀರಿಯಲ್ಲು ಶುರುವಾಗುತ್ತದೆ. ಆಗ ನೀರಿನ ಲಾರಿ ಬಂದರೆ ದೇವರೇ ಗತಿ. ಹೀಗೆ ಯೋಚಿಸುತ್ತ ಟ್ರೈನು ಹತ್ತಿದ ಪೂರ್ಣಿಮಾ, ಪಲ್ಲಾವರಂ ದಾಟಿದ ಮೇಲೆ, ತಾನು ಹೊರಟಿರುವುದು ತಮ್ಮನನ್ನು ಮನೆಗೆ ಕರೆತರುವುದೋ ಬೇಡವೋ ಎಂದು ತೀರ್ಮಾನಿಸಲು, ಅದನ್ನು ಬಿಟ್ಟು ಕೊಡದ ಧ್ಯಾನ ಮಾಡುತ್ತಿದ್ದೇನೆ ಎಂದು ತನ್ನ ಮೇಲೆ ತಾನೇ ಸಿಡುಕಿಕೊಂಡಳು.

ತಮ್ಮ ಶಿವಕಿರಣ ವಡಪಳನಿಯ ಒಂದು ಗಲ್ಲಿಯಲ್ಲಿರುವ ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿ ಇಂದಿಗೆ ಇಪ್ಪತ್ತೊಂಬತ್ತು ದಿನ. ತಿಂಗಳು ಮುಗಿಯಿತು ಎಂದು ಸಹಿ ಹಾಕಿ ಮನೆಗೆ ಕರೆದುಕೊಂಡು ಬರಬಹುದು. ಇಲ್ಲವೇ ಇನ್ನೂ ತಯಾರಾಗಿಲ್ಲ ಎಂದು ಮತ್ತೊಂದು ತಿಂಗಳು ಬಿಡಬಹುದು. ಹಾಗೆ ನೋಡಿದರೆ ಅದನ್ನು ತೀರ್ಮಾನಿಸುವವರು ಅಲ್ಲಿಯ ಕೌನ್ಸೆಲರ್ ಜಯಲಕ್ಷ್ಮೀ. ಅವರ ಕೈಯಲ್ಲಿ ಒಂದು ಹಸಿರು ಫೈಲು, ಆ ಫೈಲಿನ ತುಂಬ ಶಿವಕಿರಣನ ಪಶ್ಚಾತ್ತಾಪ. ಆ ಪಶ್ಚಾತ್ತಾಪದ ಒಂದು ಸಾಲೂ ಅವನದಲ್ಲ ಎಂಬುದು ಭೂಮಿಯ ಮೇಲೆ ಇಬ್ಬರಿಗೇ ಗೊತ್ತಿತ್ತು: ಅವನಿಗೆ ಮತ್ತು ಅದನ್ನೆಲ್ಲ ತನ್ನ ಬಾಯಿಂದ ಹುಟ್ಟಿಸಿದ ಪೂರ್ಣಿಮಾಳಿಗೆ. ಬೆಳಿಗ್ಗೆ ಐದೂವರೆಗೆ ಮಣಲಿಯ ಎಣ್ಣೆ ಕಾರ್ಖಾನೆಯ ಬಸ್ಸಿಗೆ ಹೊರಟ ಗಂಡ ಹಾಲಸಿದ್ದಪ್ಪ ಚಪ್ಪಲಿ ಮೆಟ್ಟುತ್ತ, "ಕರಕೊಂಡು ಬರೂದಿದ್ರ ಕರಕೊಂಡು ಬಾ. ನಾ ಏನೂ ಅನ್ನಂಗಿಲ್ಲ" ಎಂದಿದ್ದ. ಏನೂ ಅನ್ನುವುದಿಲ್ಲ ಎಂದು ಅವನು ಹೇಳಿದಾಗಲೆಲ್ಲ ಮನೆಯಲ್ಲಿ ಎಂಟು ದಿನ ಯಾರೂ ಏನೂ ಅನ್ನುವಂತಿರಲಿಲ್ಲ. ಮಗಳು ಮೌನ ಅಷ್ಟೂ ಹೇಳಲಿಲ್ಲ. ಹದಿನೈದು ವರ್ಷದ ಹುಡುಗಿ, ತಟ್ಟೆಯ ಉಪ್ಪಿಟ್ಟು ಕೆದಕುತ್ತ ಕೂತಿದ್ದಳು. ಮಾಮ ಮಲಗುತ್ತಿದ್ದ ನಡುಮನೆಯ ದಿವಾನದ ಮೇಲೆ ಈಗ ಅವಳ ಪುಸ್ತಕಗಳಿದ್ದವು. ಅವನ್ನು ಎತ್ತಿಡು ಎಂದು ಹೇಳಲು ಪೂರ್ಣಿಮಾಳಿಗೆ ಬಾಯಿ ಬರಲಿಲ್ಲ.

ಡಬ್ಬಿಯಲ್ಲಿ ಪಕ್ಕ ಕೂತ ಹೆಂಗಸು ಮೂಗಿಗೆ ಸೆರಗು ಒತ್ತಿಕೊಂಡಳು. ಚರ್ಮದ ಕಾರ್ಖಾನೆಗಳ ವಾಸನೆ ಇನ್ನೂ ಹಿಂಬಾಲಿಸುತ್ತಿತ್ತೋ ಏನೋ. ಅಥವಾ ತನ್ನ ಸೀರೆಯಿಂದಲೇ ಬರುತ್ತಿತ್ತೋ. ಪೂರ್ಣಿಮಾಳಿಗೆ ಗೊತ್ತಾಗುವಂತಿರಲಿಲ್ಲ. ಹದಿನಾರು ವರ್ಷ ಚರ್ಮ ಹದ ಮಾಡುವ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡಿ ಅವಳ ಮೂಗು ಹೆಸರಿಗೆ ಮಾತ್ರ ಮೂಗಾಗಿತ್ತು. ಒಗ್ಗರಣೆ ಸೀದರೆ ಮೌನಳೇ ಒಳಗಿನಿಂದ ಕೂಗಬೇಕು. ಶಿವಕಿರಣ ಎರಡು ವರ್ಷ ಅವಳ ನಡುಮನೆಯಲ್ಲಿ ಮಲಗಿ ಎದ್ದು ಮಲಗಿ ಎದ್ದು ಮಾಡಿದ. ಮೇಲಿನ ಮನೆಯವರಿಗೆ, ಇಸ್ತ್ರಿಯವಳಿಗೆ ಎಲ್ಲರಿಗೂ ವಾಸನೆ ಬಂತು, ಅವನ ಅಕ್ಕನಿಗೆ ಮಾತ್ರ ಬರಲಿಲ್ಲ. "ನಿನಗ ಖರೇನ ವಾಸನಿ ಬರಂಗಿಲ್ಲೋ, ಇಲ್ಲಾ ಬಂದ್ರೂ ಬರದವ್ರಂಗ ಇರ್ತೀಯೋ?" ಎಂದು ಹಾಲಸಿದ್ದಪ್ಪ ಒಮ್ಮೆ ಕೇಳಿದ್ದ. ಅವಳು ಮೂಗಿನ ಮೇಲೆ ಆಣೆ ಇಟ್ಟಳು. ಆಣೆ ಸುಳ್ಳಲ್ಲ. ಆದರೆ ಗೊತ್ತಿರಲಿಲ್ಲ ಎಂಬುದು ಮಾತ್ರ ಶುದ್ಧ ಸುಳ್ಳು. ಮೂಗಿಗೆ ಬಾರದ್ದು ಅವಳಿಗೆ ಕಿವಿಯಿಂದ ಬರುತ್ತಿತ್ತು.

ಯಾಕೆಂದರೆ ಶಿವಕಿರಣ ಕುಡಿದಾಗ ತೊದಲುತ್ತಿರಲಿಲ್ಲ. ಎಲ್ಲರೂ ಕುಡಿದು ತೊದಲಿದರೆ ಇವನು ಕುಡಿದು ತಿದ್ದಿಕೊಳ್ಳುತ್ತಿದ್ದ. ಕುಡಿಯದೆ ಬಂದರೆ "ಅಕ್ಕಾ, ಹಸಿವಿ ಆಗೈತಿ, ಏನ್ ಐತಿ?" ಎಂದು ಬೈಲಹೊಂಗಲದ ಮಾತಿನಲ್ಲಿ ಅಡಿಗೆಮನೆಗೆ ನುಗ್ಗುವವನು, ಕುಡಿದು ಬಂದ ದಿನ ಬಾಗಿಲಲ್ಲೇ ನಿಂತು, "ಅಕ್ಕ, ನನಗಾಗಿ ಕಾಯಬೇಡ. ನಾನು ಊಟವನ್ನು ಮುಗಿಸಿಕೊಂಡೇ ಬಂದಿದ್ದೇನೆ" ಎಂದು ಅಚ್ಚಿನ ಕನ್ನಡದಲ್ಲಿ, ಒತ್ತಕ್ಷರ ಒಂದೂ ಜಾರದ ಹಾಗೆ ಹೇಳುತ್ತಿದ್ದ. ಆ 'ಊಟವನ್ನು' ಕೇಳಿದ್ದೇ ಪೂರ್ಣಿಮಾಳ ಹೊಟ್ಟೆಯಲ್ಲಿ ಕಲ್ಲು ಬೀಳುತ್ತಿತ್ತು. ಮೌನಳಿಗೆ ಕನ್ನಡ ಅರ್ಧ ಅರ್ಥವಾಗುತ್ತದೆ, ಓದಲು ಬರುವುದಿಲ್ಲ, ಉತ್ತರ ಕೊಡುವುದೆಲ್ಲ ತಮಿಳಿನಲ್ಲಿ. ಅವಳಿಗೂ ಈ ಗುಟ್ಟು ಗೊತ್ತಾಗಿಹೋಗಿತ್ತು. "ಅಮ್ಮಾ, ಮಾಮಾ ನ್ಯೂಸ್ ವಾಸಿಕ್ಕ ಆರಂಬಿಚ್ಚಿಟ್ಟಾರು" ಎನ್ನುತ್ತಿದ್ದಳು, ಮಾಮ ವಾರ್ತೆ ಓದಲು ಶುರುಮಾಡಿದ ಎಂದು. ಮೊದಮೊದಲು ಮೂವರೂ ನಕ್ಕಿದ್ದರು. ಹೋದ ಫೆಬ್ರವರಿಯಲ್ಲಿ ಮೌನಳ ಸ್ಕೂಲ್ ಡೇ ದಿನ ಅವನು ಕರೆಯದೆ ಬಂದು, ಮೊದಲ ಸಾಲಿನಲ್ಲಿ ಎದ್ದು ನಿಂತು, ಬಹುಮಾನ ಕೊಡುತ್ತಿದ್ದ ಹೆಡ್‌ಮಿಸ್ಟ್ರೆಸ್ಸಿಗೆ ಅಚ್ಚ ಕನ್ನಡದಲ್ಲಿ ವಂದನಾರ್ಪಣೆ ಮಾಡಿದ. ಒಂದಕ್ಷರವೂ ಅರ್ಥವಾಗದ ಆರುನೂರು ಜನ ಸುಮ್ಮನೆ ಕೂತು ಕೇಳಿದರು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ನಗು ಹರಡಿತು. ಮೌನ ಕಪ್ ಹಿಡಿದುಕೊಂಡು ವೇದಿಕೆಯ ಮೇಲೇ ನಿಂತಿದ್ದಳು. ಪೂರ್ಣಿಮಾ ಎದ್ದು ಹೋಗಿ ಅವನ ಕೈ ಹಿಡಿಯಬೇಕಿತ್ತು, ಹೋಗಲಿಲ್ಲ. ಎರಡು ಸಾಲು ಹಿಂದೆ ಕೂತು, ಯಾರೋ ಬೇರೆಯವರ ತಮ್ಮ ಎಂಬಂತೆ ತಾನೂ ನೋಡಿದ್ದಳು. ಇದನ್ನು ಅವಳು ಯಾರಿಗೂ ಹೇಳಿಲ್ಲ.

ಕೋಡಂಬಾಕ್ಕಂನಲ್ಲಿ ಇಳಿದು ಆಟೋ ಹಿಡಿಯದೆ ನಡೆದಳು. ಮೇ ತಿಂಗಳ ಕತ್ತರಿ ಬಿಸಿಲು ಹತ್ತು ಗಂಟೆಗೇ ತಲೆಯೊಳಗೆ ಇಳಿಯುತ್ತಿತ್ತು. ವಡಪಳನಿಯ ರಸ್ತೆಗಳು ಅವನದೇ. ಇಲ್ಲೇ ಯಾವುದೋ ಗಲ್ಲಿಯ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಹದಿಮೂರು ವರ್ಷ ಕೂತು ಅವನು ಬೇರೆಯವರ ಬಾಯಿಗೆ ಕನ್ನಡ ಕೂಡಿಸಿದ್ದಾನೆ. ಸಿನಿಮಾಕ್ಕೆ ಹಾಡು ಬರೆಯುತ್ತೇನೆ ಎಂದು ಬಂದವನು; ಬರುವ ಹೊತ್ತಿಗೆ ಕನ್ನಡ ಸಿನಿಮಾದವರೆಲ್ಲ ಪೆಟ್ಟಿಗೆ ಕಟ್ಟಿಕೊಂಡು ಬೆಂಗಳೂರಿಗೆ ಹೋಗಿ ಮುಗಿದಿತ್ತು. ಉಳಿದದ್ದು ಜಾಹೀರಾತು. ಸೋಪು, ಚಹಾಪುಡಿ, ಸೀಲಿಂಗ್ ಫ್ಯಾನು. ತೆರೆಯ ಮೇಲೆ ಹಿಂದಿ ಆಡುವ ಹೆಂಗಸಿನ ತುಟಿ ಎಲ್ಲಿ ಕೂಡುತ್ತದೋ ಅಲ್ಲಿ ಕನ್ನಡದಲ್ಲೂ ತುಟಿ ಕೂಡುವ ಅಕ್ಷರವೇ ಬರಬೇಕು, ಬಾಯಿ ತೆರೆದಲ್ಲಿ ತೆರೆಯುವ ಅಕ್ಷರ. ಅರ್ಥ ಎರಡನೆಯದು. "ಅಕ್ಕಾ, ಆಕಿ 'ಚಮಕ್' ಅಂದ್ರ ನಾ 'ಹೊಳಪು' ಅನ್ನಾಕ ಬರಂಗಿಲ್ಲ, ತುಟಿ ಸುಳ್ಳ ಹೇಳತೈತಿ" ಎಂದು ಊಟದ ಹೊತ್ತಿನಲ್ಲಿ ಮೌನಳ ಬಾಯಿ ನೋಡಿ ಅಳತೆ ತೆಗೆದು ತೋರಿಸುತ್ತಿದ್ದ. ಆಗೆಲ್ಲ ಎಷ್ಟು ಚೆನ್ನಾಗಿದ್ದ. ಆ ಎರಡು ವರ್ಷ ಮನೆಯ ಒಂದೇ ಒಂದು ಕೆಲಸವನ್ನು ಅವನು ತಪ್ಪದೆ ಮಾಡಿದ: ಕೊಡ ಸಾಲಿನಲ್ಲಿ ಇಡುವುದು. ಕುಡಿದ ಮರುದಿನವೂ, ಕಣ್ಣು ತೆರೆಯಲಾಗದ ದಿನವೂ ಐದೂವರೆಗೆ ಎದ್ದು ಇಟ್ಟು ಬರುತ್ತಿದ್ದ. ಲಾರಿ ಬರುವುದಿಲ್ಲ ಎಂದು ಖಾತ್ರಿಯಾದ ದಿನ, "ಎತ್ಕೊಂಡು ಬಾರೋ, ಯಾಕ ಬಿಸಿಲಾಗ ಇಟ್ಟಿ?" ಎಂದರೆ, "ಇರಲಿ ಬಿಡಕ್ಕಾ" ಎನ್ನುತ್ತಿದ್ದ. ಅದನ್ನವಳು ಸೋಮಾರಿತನ ಎಂದುಕೊಂಡಿದ್ದಳು.

ಕೇಂದ್ರದ ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸಬೇಕು. ಸೇರಿಸಿದ ದಿನ ಅವನ ಮೈಯನ್ನೂ ಹೀಗೇ ತಡಕಿದ್ದರು. ಕೊರಳಿನ ಲಿಂಗದ ಕರಡಿಗೆಯನ್ನು ನರ್ಸು ಬೆರಳಲ್ಲಿ ತಿರುಗಿಸಿ, ಏನು ಅಡಗಿಸಿಟ್ಟಿದ್ದಾನೋ ಎಂದು ಮುಚ್ಚಳ ತೆಗೆದಳು. ಇದು ನಮ್ಮ ದೇವರಮ್ಮಾ ಎಂದು ಪೂರ್ಣಿಮಾ ತಮಿಳಿನಲ್ಲಿ ಹೇಳುವಷ್ಟರಲ್ಲಿ ಅವನೇ ದಾರ ಬಿಚ್ಚಿ ಅಕ್ಕನ ಅಂಗೈಗೆ ಕೊಟ್ಟ. "ನೀನ ಇಟ್ಕೊ. ನನ್ನ ಕಡೆ ಇದ್ರ ಅದಕ್ಕೂ ಸಂಶಯ ತಪ್ಪಂಗಿಲ್ಲ" ಎಂದ. ಆ ಬೆಳ್ಳಿಯ ಕರಡಿಗೆ ಇಪ್ಪತ್ತೊಂಬತ್ತು ದಿನದಿಂದ ಅವಳ ಪರ್ಸಿನಲ್ಲಿ ಟ್ರೈನಿನ ಪಾಸಿನ ಜೊತೆ ಓಡಾಡುತ್ತಿತ್ತು.

ಅಲ್ಲಿಯ ಪದ್ಧತಿ ಹೀಗೆ: ಶುಕ್ರವಾರ ಕುಡುಕ ತನ್ನ ಬಗ್ಗೆ ಬರೆದದ್ದನ್ನು ಮನೆಯವರ ಎದುರು ಓದಬೇಕು, ಕೌನ್ಸೆಲರು ಬರೆದುಕೊಳ್ಳುತ್ತಾರೆ. ಶಿವಕಿರಣನ ತಮಿಳು ಕೇಳಿದರೆ ವಡಪಳನಿಯಲ್ಲೇ ಹುಟ್ಟಿದವನು ಎನ್ನಬೇಕು. ಆದರೆ ಬರೆಯುವುದಾದರೆ ಕನ್ನಡದಲ್ಲೇ ಬರೆಯುತ್ತೇನೆ, ಬಾಯಲ್ಲಿ ಏನೂ ಹೇಳುವುದಿಲ್ಲ ಎಂದು ಹಟ ಹಿಡಿದ. ಅಕ್ಕನೇ ತಮಿಳಿಗೆ ಹೇಳಲಿ ಎಂದು ಜಯಲಕ್ಷ್ಮೀ ಒಪ್ಪಿದರು. ಮೊದಲ ಶುಕ್ರವಾರ ಅವನು ಕೊಟ್ಟ ಹಾಳೆಯಲ್ಲಿ ಏಳೆಂಟು ಗಿಡ್ಡ ಸಾಲುಗಳಿದ್ದವು. ದಿನವಿಡೀ ಬೇರೆಯವರ ಬಾಯಿಗೆ ಮಾತು ಹೊಲಿದೆ, ಸಂಜೆ ನನ್ನ ಬಾಯಿಗೆ ಅಳತೆ ನೋಡದೆ ಕೂಡಿದ್ದು ಒಂದೇ ಎಂದೇನೋ ಇತ್ತು. ಪೂರ್ಣಿಮಾ ಎರಡನೆಯ ಸಾಲು ದಾಟಲಿಲ್ಲ. ಅದು ಅಚ್ಚಿನ ಕನ್ನಡ. 'ಮಾತನ್ನು', 'ಹೊಲಿಯುತ್ತಿದ್ದೇನೆ', 'ಎಂಬುದನ್ನು'. ಅವಳ ಹೊಟ್ಟೆಯಲ್ಲಿ ಅದೇ ಕಲ್ಲು ಬಿತ್ತು. ಇಲ್ಲೂ ಎಲ್ಲಿಂದಲೋ ತರಿಸಿಕೊಂಡು ಕುಡಿದಿದ್ದಾನೆ, ಮತ್ತೆ ವಾರ್ತೆ ಓದುತ್ತಿದ್ದಾನೆ ಎಂದೇ ಅವಳಿಗೆ ಅನಿಸಿತು. ಮರುಗಳಿಗೆ, ಪದ್ಯವನ್ನು ಜಗತ್ತೆಲ್ಲ ಹೀಗೇ ಬರೆಯುತ್ತದೆ ಎಂದು ಬುದ್ಧಿಗೆ ಹೊಳೆಯಿತು, ಆದರೆ ಬುದ್ಧಿಯ ಮಾತು ಹೊಟ್ಟೆ ಕೇಳಲಿಲ್ಲ. ಎದುರಿಗೆ ಪೆನ್ನು ಹಿಡಿದ ಜಯಲಕ್ಷ್ಮೀ "ಸೊಲ್ಲುಂಗಮ್ಮಾ" ಎನ್ನುತ್ತಿದ್ದರು, ಹೇಳಿ ಎಂದು. ಪೂರ್ಣಿಮಾ ಹಾಳೆ ನೋಡುತ್ತ ತಮಿಳಿನಲ್ಲಿ ಹೇಳಿದಳು: ನಾನು ನನ್ನ ಅಕ್ಕನ ಸಂಸಾರ ಹಾಳು ಮಾಡಿದೆ. ಅವಳ ಮಗಳಿಗೆ ನಾಲ್ಕು ಜನರ ಮುಂದೆ ತಲೆ ಎತ್ತದ ಹಾಗೆ ಮಾಡಿದೆ. ಇನ್ನು ಮೇಲೆ ಮುಟ್ಟುವುದಿಲ್ಲ. ಹೇಳುತ್ತ ಹೇಳುತ್ತ ಅವಳಿಗೇ ಅಳು ಬಂತು. ಜಯಲಕ್ಷ್ಮೀ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಅಷ್ಟನ್ನೂ ಬರೆದುಕೊಂಡರು. ಶಿವಕಿರಣ ಅಕ್ಕನ ಬಾಯನ್ನೇ ನೋಡುತ್ತಿದ್ದ. ಹೊರಗೆ ಬಂದ ಮೇಲೆ, "ಡಬ್ಬಿಂಗ್ ಚಲೋ ಮಾಡಿದಿ ಅಕ್ಕಾ. ತುಟಿಗೆ ಸರಿ ಕೂಡ್ತು" ಎಂದ. ಬೈದಿದ್ದರೆ ವಾಸಿ ಇತ್ತು.

ಆಮೇಲಿನ ಎರಡು ಶುಕ್ರವಾರವೂ ಅವನು ಪದ್ಯ ಕೊಟ್ಟ, ಅವಳು ಪಶ್ಚಾತ್ತಾಪ ಹೇಳಿದಳು. ಒಂದು ಸುಳ್ಳಿಗೆ ದಾರಿ ಬಿಟ್ಟ ಮೇಲೆ ಎರಡನೆಯದು ತಾನೇ ನಡೆದು ಬರುತ್ತದೆ. ಅವನ ಒಳ್ಳೆಯದಕ್ಕೇ ಎಂದು ಸಮಾಧಾನ ಮಾಡಿಕೊಂಡಿದ್ದಳು, ಆದರೆ ರಾತ್ರಿ ನಿದ್ದೆ ಬಾರದಾಗ ನಿಜ ಬೇರೆಯೇ ಕಾಣುತ್ತಿತ್ತು: ಅವನು ಕ್ಷಮೆ ಕೇಳಲಿ ಎಂದು ಅವಳಿಗೇ ಆಸೆ. ಅವನು ಕೇಳಲಿಲ್ಲ, ಅದಕ್ಕೆ ಅವನ ಬಾಯಿಂದ ತಾನೇ ಕೇಳಿಸಿಕೊಂಡಳು. ಚಿಕ್ಕಂದಿನಲ್ಲಿ ಅವನು ಪದ್ಯ ಬಾಯಿಪಾಠ ಮಾಡಿ ಅವಳಿಗೆ ಒಪ್ಪಿಸಬೇಕಿತ್ತು. ಪುಸ್ತಕ ಅವಳ ತೊಡೆಯ ಮೇಲೆ, ಫೂಟುಪಟ್ಟಿ ಕೈಯಲ್ಲಿ; ಅವನು ಕೈ ಕಟ್ಟಿ, ಕಣ್ಣು ಮುಚ್ಚಿ, ತೂಗುತ್ತ ಹೇಳುತ್ತಿದ್ದ. ತಪ್ಪಿದರೆ ಮಣಿಕಟ್ಟಿಗೆ ಪೆಟ್ಟು. ಒಂದು ಸಲ ತಪ್ಪದೆಯೇ ಹೇಳಿದ, ಅವಳು ಸಾಲು ದಾಟಿ ಓದಿ ತಪ್ಪು ಎಂದು ಹೊಡೆದಳು. ಪುಸ್ತಕ ತೋರಿಸು ಎಂದು ಅವನು ಕೇಳಲಿಲ್ಲ. ಕೈ ತಿಕ್ಕಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದ. ಆ ಹುಡುಗನ ಮುಖ ಈಗ ಆ ಗಲ್ಲಿಯ ಬಿಸಿಲಿನಲ್ಲಿ ಯಾಕೆ ಕಾಣಬೇಕು?

"ಉಕ್ಕಾರುಂಗ, ಉಕ್ಕಾರುಂಗ" ಎಂದು ಜಯಲಕ್ಷ್ಮೀ ಕುರ್ಚಿ ತೋರಿಸಿದರು. ಐವತ್ತರ ಹೆಂಗಸು, ಹಣೆಯ ತುಂಬ ಬೆವರು, ದಿನಕ್ಕೆ ಹತ್ತು ಕುಡುಕರ ಕಥೆ ಕೇಳಿ ಸವೆದ ದನಿ. ಮೇಜಿನ ಮೇಲೆ ಹಸಿರು ಫೈಲಿನ ಪಕ್ಕ ಡಿಸ್ಚಾರ್ಜ್ ಕಾಗದ ಆಗಲೇ ಸಿದ್ಧವಿತ್ತು. ಶಿವಕಿರಣ ಒಳಗೆ ಬಂದು ಎದುರು ಕೂತ. ಮುಖ ತೊಳೆದು ವಿಭೂತಿ ಹಚ್ಚಿಕೊಂಡಿದ್ದ. ಮೈ ಇಳಿದಿತ್ತು, ಕೈ ನಡುಗುತ್ತಿರಲಿಲ್ಲ.

"ಚಲೋ ಇದ್ದೀಯೇನೋ?" ಎಂದಳು.

"ಇದ್ದೀನಿ. ಹುಡುಗಿ ಸಾಲಿ ಹೆಂಗ ನಡದೈತಿ?"

"ಸೂಟಿ ಬಿಟ್ಟಾರ. ಮ್ಯಾಲಿನ ಕ್ಲಾಸಿಂದು ಈಗ ಓದಾಕತ್ತಾಳ."

"ದಿವಾನದ ಮ್ಯಾಲ?"

ಅವನು ನಕ್ಕು ಜೇಬಿನಿಂದ ಹಾಳೆ ತೆಗೆದ. ಎಂದಿನಂತೆ ಕೈ ಚಾಚಿದಳು. ಈ ಸಲ ಅವನು ಕೊಡಲಿಲ್ಲ. "ನಾನ ಓದತೀನಿ ಅಕ್ಕಾ. ನೀ ಕೇಳಿ ಆಮ್ಯಾಲ ಹೇಳು" ಎಂದು, ಹಾಳೆ ಮೊಳಕಾಲ ಮೇಲಿಟ್ಟು, ನೋಡದೆಯೇ ಓದಿದ.

ಮುಂಜಾನೆ ಕೊಡವನ್ನು ಸಾಲಿನಲ್ಲಿಟ್ಟು
ಕೆಲಸಕ್ಕೆ ಹೋದೆ.
ಕೆಲಸ ಮಾಡಿದೆ. ನಕ್ಕೆ. ಊಟಕ್ಕೆ ಕೂತೆ.
ಎಲ್ಲಿದ್ದೀ ಎಂದು ಯಾರೋ ಕೇಳಿದರು.
ಇಲ್ಲೇ ಇದ್ದೇನೆ ಎಂದೆ.
ಇರಲಿಲ್ಲ.
ಕೊಡದ ಪಕ್ಕದಲ್ಲಿದ್ದೆ.

ನೀರು ಬಂದ ದಿನ ಕುಡಿದೆ.
ಬಾರದ ದಿನವೂ ಅಲ್ಲೇ ಇದ್ದೆ.
ನನ್ನನ್ನು ಬಿಡಿಸಲು ಬಂದವರು
ನೀರಿನ ಮಾತನ್ನೇ ಆಡುತ್ತಾರೆ,
ಅದು ಕೊಳೆ, ಅದು ವಿಷ ಎನ್ನುತ್ತಾರೆ.
ನೀರು ನನಗೆ ಗೊತ್ತು.
ಕೊಡ ಎತ್ತುವುದು ಹೇಗೆ ಹೇಳಿ.
ಎತ್ತಿದರೆ ಆ ಜಾಗದಲ್ಲಿ
ಏನಿರುತ್ತದೆ ಹೇಳಿ.

ಅಚ್ಚಿನ ಕನ್ನಡವೇ. 'ಕೊಡವನ್ನು'. ಆದರೆ ಹೊಟ್ಟೆಯಲ್ಲಿ ಕಲ್ಲು ಬೀಳಲಿಲ್ಲ. ಅವನ ದನಿ ಒಣಗಿತ್ತು, ಎರಡು ಕಡೆ ತಡವರಿಸಿತು, ಕುಡಿದಿದ್ದರೆ ತಡವರಿಸುತ್ತಿರಲಿಲ್ಲ. ಪೂರ್ಣಿಮಾಳಿಗೆ ಮೊದಲು ನೆನಪಾದದ್ದು ನೀಲಿ ಕೊಡ. ಹನ್ನೊಂದಾಯಿತು, ಅಂಬುಜಮ್ಮ ಒಳಗೆ ಹೋಗಿರುತ್ತಾರೆ ಎಂದು ಮನಸ್ಸು ಅವಳನ್ನು ಕೇಳದೆ ಓಡಿಹೋಗಿ ಟ್ಯಾಂಕಿನ ಹತ್ತಿರ ನಿಂತಿತು. ಕೆಂಪು ಕೊಡದ ಹಿಂದೆ, ಇಟ್ಟಿಗೆಯ ಮುಂದೆ. ಅಲ್ಲಿ ನಿಂತೇ ಅವಳಿಗೆ ಅರ್ಥವಾಯಿತು. ಇಪ್ಪತ್ತೊಂಬತ್ತು ದಿನದಿಂದ, ಅವನ ಕೆಲಸ ತನ್ನ ಪಾಲಿಗೆ ಬಂದಾಗಿನಿಂದ, ಅವಳು ಲ್ಯಾಬಿನಲ್ಲಿರಲಿಲ್ಲ, ಗಂಡನ ಪಕ್ಕದಲ್ಲಿರಲಿಲ್ಲ, ಮಗಳು ಮಾತಾಡುವಾಗ ಅವಳೆದುರು ಇರಲಿಲ್ಲ. ಬಿಸಿಲಲ್ಲಿ ಅಲ್ಲಿದ್ದಳು. ಅದೂ ಬರೀ ನೀರಿಗಾಗಿ, ಬರೀ ಇಪ್ಪತ್ತೊಂಬತ್ತು ದಿನ. ಇವನು ಎಷ್ಟು ವರ್ಷದಿಂದ ಹೀಗಿದ್ದಾನೆ? ಮಾಡಬೇಡ ಎಂದಿದ್ದಳು, ಬಿಟ್ಟುಬಿಡು ಎಂದಿದ್ದಳು, ಆಣೆ ಹಾಕಿಸಿದ್ದಳು, ಲಿವರಿನ ಚಿತ್ರ ತೋರಿಸಿದ್ದಳು. ಎಲ್ಲವೂ ನೀರಿನ ಮಾತು. ಎಲ್ಲಿದ್ದೀಯೋ ಎಂದು ಒಂದು ದಿನವೂ ಕೇಳಿರಲಿಲ್ಲ. ಅವಳಿಗೆ ತನ್ನ ಮೇಲೆ ನಾಚಿಕೆಯಾಯಿತು, ಅವನ ಮೇಲೆ ಎಂದೂ ಬಾರದಷ್ಟು ಅಕ್ಕರೆ ಬಂತು.

"ಸೊಲ್ಲುಂಗಮ್ಮಾ" ಎಂದರು ಜಯಲಕ್ಷ್ಮೀ, ಪೆನ್ನಿನ ಮುಚ್ಚಳ ತೆಗೆಯುತ್ತ.

ಈಗಲೂ ಹೇಳಬಹುದಿತ್ತು. ನಾನು ಗುಣವಾದೆ, ಅಕ್ಕನಿಗೆ ಋಣಿ ಎಂದರೆ ಹನ್ನೆರಡರ ಟ್ರೈನಿಗೆ ಇಬ್ಬರೂ ಮನೆಗೆ. ಹೇಳದಿದ್ದರೆ ಮೂರು ವಾರದ ಫೈಲು ಸುಳ್ಳಾಗುತ್ತದೆ, ತಾನು ಸುಳ್ಳುಗಾತಿಯಾಗುತ್ತೇನೆ. ಪೂರ್ಣಿಮಾ ತಮಿಳಿನಲ್ಲಿ ನಿಧಾನವಾಗಿ ಶುರು ಮಾಡಿದಳು. ಒಂದೊಂದು ಸಾಲೂ ಅವನು ಹೇಳಿದ ಹಾಗೆ, ಏನನ್ನೂ ಸೇರಿಸದೆ. ಅವಳ ತಮಿಳು ಲ್ಯಾಬಿನ ತಮಿಳು, ಸಂತೆಯ ತಮಿಳು. ಪದ್ಯಕ್ಕೆ ಅದು ಸಾಲದೆ ನಡುವೆ ನಿಂತು ಶಬ್ದ ಹುಡುಕಬೇಕಾಯಿತು. 'ಕೊಡದ ಪಕ್ಕದಲ್ಲಿದ್ದೆ' ಎನ್ನುವಲ್ಲಿ 'ಕಾಯುತ್ತಿದ್ದೆ' ಎಂದಳು. ಶಿವಕಿರಣ ತಟ್ಟನೆ ತಲೆ ಎತ್ತಿದ.

"ಕಾಯೂದಲ್ಲಕ್ಕಾ. ಕಾಯೂದು ಅಂದ್ರ ಬರೂದೈತಿ ಅಂತಾತು. ನಾ ಅಲ್ಲಿ ಇದ್ದೆ, ಅಷ್ಟ."

ಅವಳು ತಿದ್ದಿಕೊಂಡಳು. ಫೂಟುಪಟ್ಟಿ ಈ ಸಲ ಅವನ ಕೈಯಲ್ಲಿತ್ತು, ಆದರೆ ಅವನು ಹೊಡೆಯಲಿಲ್ಲ. ಮುಗಿದ ಮೇಲೆ ಜಯಲಕ್ಷ್ಮೀ ಪೆನ್ನು ಕೆಳಗಿಟ್ಟಿದ್ದರು. ಏನನ್ನೂ ಬರೆದುಕೊಂಡಿರಲಿಲ್ಲ.

"ಇನ್ನು ಕುಡಿಯುವುದಿಲ್ಲ ಎಂದು ಎಲ್ಲಿ ಬರೆದಿದ್ದಾನೆ?" ಎಂದು ಕೇಳಿದರು.

"ಬರೆದಿಲ್ಲಮ್ಮಾ" ಎಂದಳು ಪೂರ್ಣಿಮಾ. "ಹಿಂದೆಯೂ ಬರೆದಿರಲಿಲ್ಲ. ಅದೆಲ್ಲ ನಾನು ಹೇಳಿದ್ದು. ನೀವು ಅತ್ತಿರಲ್ಲ, ಅದೂ ನನ್ನ ಮಾತಿಗೆ."

ಜಯಲಕ್ಷ್ಮೀ ಫೈಲು ತೆರೆದು, ತಾವೇ ಬರೆದಿದ್ದ ಪುಟಗಳನ್ನು ಒಂದೊಂದಾಗಿ ನೋಡಿದರು. ಸಿಟ್ಟು ಬರುತ್ತದೆ ಎಂದುಕೊಂಡಿದ್ದಳು ಪೂರ್ಣಿಮಾ, ಬಂದಿದ್ದರೆ ಹಗುರಾಗುತ್ತಿತ್ತು. "ಹೆಂಡಂದಿರು ಸುಳ್ಳು ಹೇಳುವುದು ನೋಡಿದ್ದೇನೆ, ತಾಯಂದಿರೂ ಹೇಳುತ್ತಾರೆ" ಎಂದು ಆ ಸವೆದ ದನಿ ಹೇಳಿತು. "ನನಗೆ ಭಾಷೆ ಬರುವುದಿಲ್ಲವೆಂದು ನನ್ನ ಮುಂದೆಯೇ ಇಷ್ಟು ನೀಟಾಗಿ ಸುಳ್ಳು ಯಾರೂ ಹೇಳಿರಲಿಲ್ಲ." ಆಮೇಲೆ ಶಿವಕಿರಣನ ಕಡೆ ತಿರುಗಿ, "ನಿನಗೆ ತಮಿಳು ಬರುತ್ತದಲ್ಲ, ಮೊದಲ ದಿನವೇ ಯಾಕೆ ಹೇಳಲಿಲ್ಲ?" ಎಂದರು.

"ಅವಳಿಗೆ ಅಷ್ಟು ಹೇಳಿಕೊಳ್ಳಬೇಕಿತ್ತು ಮೇಡಂ" ಎಂದ ಅವನು ತಮಿಳಿನಲ್ಲೇ. "ಅವಳು ಹೇಳಿದ್ದೂ ಸುಳ್ಳಲ್ಲ. ನನ್ನದಲ್ಲ, ಅಷ್ಟೇ."

"ಮನೆಗೆ ಹೋಗುತ್ತೀಯಾ?"

ಅವನು ಅಕ್ಕನ ಮುಖ ನೋಡಿದ. ಬಾ ಎನ್ನಬೇಕೆಂದು ಅವಳ ಗಂಟಲವರೆಗೂ ಬಂತು, ಬಂದದ್ದು ಖರೆ. ಅದರ ಬೆನ್ನಿಗೇ ದಿವಾನದ ಮೇಲಿನ ಪುಸ್ತಕಗಳೂ ಬಂದವು. ಅವಳ ತುಟಿ ಕೂಡಿದ್ದು ಕೂಡಿದಂತೆಯೇ ಉಳಿಯಿತು. ಜನ್ಮವಿಡೀ ತುಟಿ ಓದಿದವನಿಗೆ ಅಷ್ಟು ಸಾಕು. "ಇನ್ನುಂ ಒರು ಮಾಸಂ" ಎಂದ, ಇನ್ನೊಂದು ತಿಂಗಳು. ಜಯಲಕ್ಷ್ಮೀ ಡಿಸ್ಚಾರ್ಜ್ ಕಾಗದವನ್ನು ಮಡಚಿ ಫೈಲಿನ ಕೆಳಗೆ ತಳ್ಳಿದರು.

ಗೇಟಿನವರೆಗೂ ಬಂದ. ಪರ್ಸಿನಿಂದ ಕರಡಿಗೆ ತೆಗೆದು ಕೊಟ್ಟಳು, ಈಗ ಯಾರೂ ತಡೆಯಲಿಲ್ಲ. ಕೊರಳಿಗೆ ಕಟ್ಟಿಕೊಳ್ಳುತ್ತ ಕೇಳಿದ, "ಕೊಡಾ ಯಾರ್ ಇಡಾಕತ್ತೀರಿ ಈಗ?"

"ನಾನ."

"ನೀಲೀದು ಕಂಠದಾಗ ಸೀಳೈತಿ. ತುಂಬಿದ ಮ್ಯಾಲ ಅಲ್ಲಿ ಹಿಡೀಬ್ಯಾಡ, ಕೆಳಗ ಕೈ ಕೊಡು."

"ಹೂಂ" ಎಂದಳು. ಹಾಳೆಯನ್ನು ಮಡಚಿ ಅವಳ ಕೈಗೆ ತುರುಕಿ ಒಳಗೆ ಹೋದ.

ಟ್ರೈನಿನಲ್ಲಿ ಹಾಳೆಯನ್ನು ಎರಡು ಸಲ ಓದಿದಳು. ಹಾಲಸಿದ್ದಪ್ಪನಿಗೆ ತೋರಿಸಿದರೆ ಏನನ್ನುತ್ತಾನೆ, ಏನೂ ಅನ್ನುವುದಿಲ್ಲ. ಮೌನಳಿಗೆ ಓದಲು ಬರುವುದಿಲ್ಲ, ತಾನೇ ಹೇಳಬೇಕು. ಹೇಳಿದರೆ ಅವಳು ಸ್ಕೂಲ್ ಡೇ ಮರೆಯುತ್ತಾಳೆಯೇ? ಮರೆಯಬೇಕಾಗಿಯೂ ಇಲ್ಲ. ಅರ್ಥವಾಯಿತು ಎಂದ ಮಾತ್ರಕ್ಕೆ ನೋವು ಎಲ್ಲಿಗೂ ಹೋಗುವುದಿಲ್ಲ, ಪೂರ್ಣಿಮಾಳದೂ ಹೋಗಿರಲಿಲ್ಲ. ಸುಸ್ತು ಮಾತ್ರ ಬೆಳಿಗ್ಗೆಗಿಂತ ದುಪ್ಪಟ್ಟಾಗಿತ್ತು. ಆದರೂ ಬೇರೆ ಥರದ ಸುಸ್ತು, ಹೊತ್ತದ್ದು ಏನೆಂದು ತಿಳಿದ ಮೇಲೆ ಬರುವಂಥದ್ದು.

ಒಂದೂವರೆಗೆ ಬೀದಿಗೆ ತಿರುಗಿದಾಗ ಟ್ಯಾಂಕಿನ ಹತ್ತಿರ ಸಾಲೇ ಇರಲಿಲ್ಲ. ಬಿಸಿಲಿನಲ್ಲಿ ಅರ್ಧ ಇಟ್ಟಿಗೆ, ಅದರ ಮುಂದೆ ನೀಲಿ ಕೊಡ. ಕೆಂಪು ಕೊಡವೂ ಹೋಗಿತ್ತು. ಅಂಬುಜಮ್ಮ ಗೇಟಿನಿಂದಲೇ ಕೂಗಿದರು: "ಏನ್ರೀ ಪೂರ್ಣಿಮಾ, ತಂಬಿ ಬರಲಿಲ್ವಾ? ತಣ್ಣಿ ಲಾರಿ ಇವತ್ತೂ ಇಲ್ಲ, ನಾಳೆಯೂ ಇಲ್ವಂತೆ ರೀ. ಎಲ್ಲಾರೂ ಎತ್ಕೊಂಡು ಹೋದ್ರು. ನಿಮ್ದು ನಾನು ಎತ್ತೋಣಾಂತ ಬಂದೆ, ಆಮೇಲೆ ನೀವು ಏನಂತೀರೋ ಅಂತ ಅಲ್ಲೇ ವಿಟ್ಟುಟ್ಟೆ."

ಪೂರ್ಣಿಮಾ ಬಗ್ಗಿ ಕಂಠ ಹಿಡಿದಳು. ಬೆರಳಿಗೆ ಬಿರುಕು ಸಿಕ್ಕಿತು. ಪ್ಲಾಸ್ಟಿಕ್ಕು ಕಾದಿತ್ತು. ಖಾಲಿ ಕೊಡ, ಭಾರವೇನು? ಲಾರಿ ಬರುವುದಿಲ್ಲ, ಅದೂ ಗೊತ್ತು. ಎತ್ತಲಿಕ್ಕಾಗಲಿಲ್ಲ. ರಾತ್ರಿ ಏನಾದರೂ ಬಂದರೆ, ಬೆಳಿಗ್ಗೆ ಏನಾದರೂ ಬಂದರೆ, ಇಷ್ಟು ಹೊತ್ತು ಇದ್ದದ್ದು ಎಲ್ಲ ಹಾಳಾದರೆ. ಬಗ್ಗಿದವಳು ಬಗ್ಗಿಯೇ ನಿಂತಳು. ಮೌನ ಮನೆಯಿಂದ ಇಳಿದು ಬಂದಳು, ತಲೆಯ ಮೇಲೆ ದ್ರಾಕ್ಷಿ ಬಣ್ಣದ ದುಪಟ್ಟಾ.

"ಮಾಮಾ ವರಲಿಯಾ?"

"ಇಲ್ಲವ್ವಾ. ಇನ್ನೊಂದು ತಿಂಗಳು."

ಹುಡುಗಿಯ ಮುಖ ಹಗುರಾದದ್ದು ಪೂರ್ಣಿಮಾಳಿಗೆ ಕಂಡಿತು. ಹಗುರಾದದ್ದಕ್ಕೆ ನಾಚಿಕೊಂಡು ಅವಳು ಇಟ್ಟಿಗೆ ನೋಡಿದ್ದೂ ಕಂಡಿತು. "ಸರಿ, ವಾ ಮ್ಮಾ. ವೆಯಿಲ್. ಕೊಡತ್ತೆ ಎಡು" ಎಂದಳು ಮೌನ, ಬಿಸಿಲು, ಕೊಡ ತಗೋ ಎಂದು.

"ಇರಲಿ ಬಿಡವ್ವಾ" ಎಂದಳು ಪೂರ್ಣಿಮಾ.

ಅಂದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಅದು ಅವನದೇ ಮಾತು, ಅದೇ ಸೋತ ದನಿ. ಕಣ್ಣು ತುಂಬಿ ಬಂದವು, ಬಿಸಿಲಿಗೆ ಎಂಬಂತೆ ಸೆರಗಿನಿಂದ ಒತ್ತಿಕೊಂಡಳು. ಮೌನ ಅಮ್ಮನನ್ನು ಒಂದು ಗಳಿಗೆ ನೋಡಿದಳು. ಕಂಠದ ಬಿರುಕಿನ ಮೇಲಿದ್ದ ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೊಡವನ್ನು ತಾನೇ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಇನ್ನೊಂದು ಕೈಯಿಂದ ಅಮ್ಮನ ಮಣಿಕಟ್ಟು ಹಿಡಿದಳು. ಕೊಡವಿದ್ದ ಜಾಗದಲ್ಲಿ ಮಣ್ಣು ದುಂಡಗೆ, ಬೇರೆ ಬಣ್ಣಕ್ಕೆ ಉಳಿದಿತ್ತು.

"ಮಾಮಾ ಏನು ಬರೆದ?" ಎಂದಳು ಮೌನ ನಡೆಯುತ್ತ, ತಡವರಿಸುತ್ತ, ಕನ್ನಡದಲ್ಲೇ.

"ಹೇಳತೀನಿ. ಮ್ಯಾಲ ಹೋಗಿ ಹೇಳತೀನಿ" ಎಂದಳು ಪೂರ್ಣಿಮಾ. ಗೇಟು ಮುಟ್ಟುವಷ್ಟರಲ್ಲಿ ಎರಡು ಸಲ ಹಿಂದಿರುಗಿ ನೋಡಿದಳು. ಇಟ್ಟಿಗೆಯ ಮುಂದಿನ ಜಾಗ ಖಾಲಿಯಾಗಿತ್ತು.